ಮುಚ್ಚಿದ ಸಮುದಾಯದ ಮೇಲಿನ ದಾಳಿ ಮತ್ತು ಮಗುವಿನ ಹೇಳಿಕೆ

ಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತಿದೆಯೆಂಬ ಶಂಕೆಯಿಂದ ಸರ್ಕಾರ ಯಾವುದಾದರೂ ಧಾರ್ಮಿಕ ಸಮುದಾಯದ ಆವರಣವನ್ನು ಹೊಕ್ಕಾಗ, ಧರ್ಮಸ್ವಾತಂತ್ರ್ಯ ಹೆಚ್ಚೋ ಮಕ್ಕಳ ರಕ್ಷಣೆ ಹೆಚ್ಚೋ ಎಂಬ ವಾದದಲ್ಲೇ ಎಲ್ಲರೂ ಮುಳುಗುತ್ತಾರೆ. ಬೆಂಗಳೂರಿನಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುವ ಮಕ್ಕಳಿಗೆ ಆಪ್ತಸಮಾಲೋಚಕಿಯಾಗಿರುವ ನನಗೆ ಇಂಥ ಪ್ರಕರಣಗಳು ಸೋಲುವ ಜಾಗ ಬೇರೆಯೆಂದು ಕಾಣುತ್ತದೆ. ದಾಳಿಯ ದಿನ ಮಕ್ಕಳನ್ನು ಗುಂಪಾಗಿ ಎಣಿಸಿ ಕರೆತರುವ ವ್ಯವಸ್ಥೆಯು ಅವರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳುವುದಕ್ಕೆ ಸಿದ್ಧವಾಗಿರುವುದಿಲ್ಲ.

2008ರ ಏಪ್ರಿಲ್‌ನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಎಲ್ಡೊರಾಡೊ ಎಂಬಲ್ಲಿ, ಬಹುಪತ್ನಿತ್ವವನ್ನು ಪಾಲಿಸುವ, ಮಾರ್ಮನ್ ಚರ್ಚಿನಿಂದ ಬೇರೆಯಾದ ಎಫ್‌ಎಲ್‌ಡಿಎಸ್ ಪಂಥದ ನೆಲೆಯಿಂದ 439 ಮಕ್ಕಳನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಇದಕ್ಕೆ ನೆಪವಾದ ದೂರವಾಣಿ ಕರೆ ಸುಳ್ಳೆಂದು ಆಮೇಲೆ ಗೊತ್ತಾಯಿತು. ಮಕ್ಕಳು ಹೇಳಿದ ಹೆಸರು, ವಯಸ್ಸು ಒಂದು ದಿನದಿಂದ ಇನ್ನೊಂದು ದಿನಕ್ಕೆ ಬದಲಾಗುತ್ತಿದ್ದುದರಿಂದ ಯಾರು ಯಾರ ಮಗುವೆಂದು ತಿಳಿಯಲು ನ್ಯಾಯಾಲಯವು ಡಿಎನ್‌ಎ ಪರೀಕ್ಷೆಗೆ ಆದೇಶಿಸಬೇಕಾಯಿತು. ಅಪ್ರಾಪ್ತೆಯರೆಂದು ಪಟ್ಟಿಯಲ್ಲಿ ಸೇರಿಸಿದ್ದವರಲ್ಲಿ ಹಲವರು ವಯಸ್ಕರಾಗಿದ್ದರು. ಇಡೀ ಪಂಥದ ನಂಬಿಕೆಯನ್ನೇ ಆಧಾರವಾಗಿಸಿಕೊಂಡು ಗಂಡುಮಕ್ಕಳನ್ನೂ ಎಳೆಯ ಮಕ್ಕಳನ್ನೂ ತಾಯಂದಿರಿಂದ ಬೇರ್ಪಡಿಸಲಾಗದೆಂಬ ಮೇಲ್ಮನವಿ ನ್ಯಾಯಾಲಯದ ತೀರ್ಪನ್ನು ಆ ರಾಜ್ಯದ ಸುಪ್ರೀಂ ಕೋರ್ಟ್ ಮೇ 29ರಂದು ಎತ್ತಿಹಿಡಿಯಿತು. ಮಗುವನ್ನು ಮನೆಯಿಂದ ತೆಗೆಯುವ ಬದಲು ಆರೋಪಿಯನ್ನೇ ಮನೆಯಿಂದ ಹೊರಗಿಡುವ ಅಧಿಕಾರ ಕೆಳ ನ್ಯಾಯಾಲಯಕ್ಕೆ ಇದೆಯೆಂದೂ ಅದು ನೆನಪಿಸಿತು. ಜೂನ್ ಮೊದಲ ವಾರದಲ್ಲಿ ಮಕ್ಕಳು ಮರಳಿದರು.

ಆದರೆ ಅಲ್ಲಿ ಅಪರಾಧ ನಡೆದೇ ಇತ್ತು. ಅದೇ ವರ್ಷದ ಕೊನೆಯಲ್ಲಿ ಪ್ರಕಟವಾದ ಸರ್ಕಾರಿ ವರದಿಯು 12ರಿಂದ 15 ವರ್ಷದೊಳಗೆ ಮದುವೆ ಮಾಡಿಸಲಾಗಿದ್ದ 12 ಹುಡುಗಿಯರನ್ನು ದೌರ್ಜನ್ಯಕ್ಕೆ ಒಳಗಾದವರೆಂದು ಗುರುತಿಸಿತು. ಪಂಥದ ಮುಖ್ಯಸ್ಥ ವಾರನ್ ಜೆಫ್ಸ್‌ಗೆ 2011ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ಹನ್ನೆರಡು ಹುಡುಗಿಯರ ನೋವು ನಾನೂರಕ್ಕೂ ಹೆಚ್ಚು ಮಕ್ಕಳ ಗದ್ದಲದಲ್ಲಿ ಅಡಗಿಹೋಗಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಇದೇ ಪಂಥದ ಪೂರ್ವಿಕರ ಮೇಲೆ 1953ರ ಜುಲೈನಲ್ಲಿ ಅರಿಜೋನಾದ ಶಾರ್ಟ್ ಕ್ರೀಕ್‌ನಲ್ಲಿ ನಡೆದ ದಾಳಿ ಅಪಕೀರ್ತಿಗೆ ಗುರಿಯಾದ ಬಳಿಕ ಅಧಿಕಾರಿಗಳು ದಶಕಗಳ ಕಾಲ ಅತ್ತ ತಲೆಹಾಕಲು ಹಿಂಜರಿದರು. ಎಡವಿದ ದಾಳಿಯ ಬೆಲೆಯನ್ನು ಮುಂದಿನ ತಲೆಮಾರಿನ ಮಕ್ಕಳೂ ತೆರಬೇಕಾಗುತ್ತದೆ.

ಜರ್ಮನಿಯ ಬವೇರಿಯಾದಲ್ಲಿ 2013ರ ಸೆಪ್ಟೆಂಬರ್‌ನಲ್ಲಿ ‘ಟ್ವೆಲ್ವ್ ಟ್ರೈಬ್ಸ್’ ಎಂಬ ಧಾರ್ಮಿಕ ಸಮುದಾಯದ ಸುಮಾರು 40 ಮಕ್ಕಳನ್ನು ಬೇರ್ಪಡಿಸಿದಾಗ, ಪುಟ್ಟ ಮಕ್ಕಳಿಗೆ ಬೆತ್ತದಿಂದ ಹೊಡೆಯುವ ದೃಶ್ಯಗಳ ಚಿತ್ರೀಕರಣ ನ್ಯಾಯಾಲಯದ ಕೈಯಲ್ಲಿತ್ತು. ಬಳಿಕ ಪ್ರತಿ ಮಗುವಿನ ಪ್ರಕರಣವನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ ಕಾರಣಗಳನ್ನು ಬರೆದಿಟ್ಟಿದ್ದರಿಂದ, 2018ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಪೋಷಕರ ದೂರನ್ನು ಒಪ್ಪಲಿಲ್ಲ.

ನಮ್ಮ ಕಾನೂನು ಕಾಗದದ ಮೇಲೆ ಬವೇರಿಯಾದ ಹಾಗೆ ಪ್ರತಿ ಮಗುವನ್ನೂ ಪ್ರತ್ಯೇಕವಾಗಿ ನೋಡುವ ದಾರಿಯನ್ನೇ ಹೇಳುತ್ತದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು, ಮಗುವಿನ ಮನೆ, ಹಿನ್ನೆಲೆ ಕುರಿತ ಸಾಮಾಜಿಕ ತನಿಖೆಯನ್ನು 15 ದಿನಗಳಲ್ಲಿ ಮುಗಿಸಬೇಕು, ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಿರಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯುವ ಪೋಕ್ಸೊ ಕಾಯ್ದೆಯಂತೆ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ನೋಂದಣಿಯಿಲ್ಲದ ವಸತಿಶಾಲೆಯೋ ಆಶ್ರಮವೋ ಸಿಕ್ಕಾಗ ಅಧಿಕಾರಿಗಳು ನೋಂದಣಿಯ ಲೋಪವನ್ನೂ ಹಿಂಸೆಯ ಆರೋಪವನ್ನೂ ಒಂದೇ ಕಡತದಲ್ಲಿ ಬೆರೆಸುವುದುಂಟು. ಮೊದಲನೆಯದಕ್ಕೆ ಸಂಸ್ಥೆ ಉತ್ತರಿಸಬೇಕು. ಎರಡನೆಯದಕ್ಕೆ ಮಗು ಮಾತಾಡಬೇಕು, ಅದಕ್ಕೆ ಬೇಕಾಗುವ ಕಾಲವೇ ಬೇರೆ.

ಈ ಮಾತಾಡಿಸುವ ಹಂತವೇ ಅತ್ಯಂತ ಕಠಿಣ. ಹೊರಗಿನವರು ಪಾಪಿಗಳು, ಒಂದು ದಿನ ಬಂದು ನಿನ್ನನ್ನು ಎಳೆದೊಯ್ಯುತ್ತಾರೆ ಎಂದು ಕೇಳುತ್ತಲೇ ಬೆಳೆದ ಮಗುವಿಗೆ, ಬೆಳಗಿನ ಜಾವ ವ್ಯಾನಿನಿಂದ ಇಳಿದ ನಾವು ಆ ಮಾತನ್ನು ಋಜುವಾತು ಮಾಡಿ ತೋರಿಸಿರುತ್ತೇವೆ. ಹೇಳಿಕೆಯ ಹೊತ್ತಿಗೆ ಪೋಷಕರು ಅಥವಾ ಮಗು ನಂಬುವ ವ್ಯಕ್ತಿ ಜೊತೆಗಿರಬೇಕೆಂದು ಪೋಕ್ಸೊ ಕಾಯ್ದೆಯ 26ನೇ ಕಲಂ ಹೇಳುತ್ತದೆ. ಮುಚ್ಚಿದ ಸಮುದಾಯದಲ್ಲಿ ಆ ವ್ಯಕ್ತಿಯೂ ಗುರುವಿನ ಮಾತಿಗೆ ಎದುರಾಡದವರೇ ಆಗಿರಬಹುದು. ಅವರನ್ನು ಹೊರಗೆ ಕಳುಹಿಸಿದರೆ ಮಗು ನಡುಗುತ್ತದೆ, ಒಳಗೆ ಕೂರಿಸಿಕೊಂಡರೆ ಅವರ ಮುಖ ನೋಡಿ ಉತ್ತರಿಸುತ್ತದೆ. ಮೊದಲ ಭೇಟಿಗಳಲ್ಲಿ ಆರೋಪದ ಪ್ರಸ್ತಾಪವನ್ನೇ ಎತ್ತದೆ, ಊಟ, ನಿದ್ದೆ, ಜೊತೆಯ ಮಕ್ಕಳ ಬಗ್ಗೆ ಮಾತಾಡಿ, ತಾಯಿಯನ್ನು ಕಣ್ಣಳತೆಯಲ್ಲಿ ಆದರೆ ಕಿವಿಗೆ ಕೇಳಿಸದಷ್ಟು ದೂರದಲ್ಲಿ ಕೂರಿಸುವುದು ಹಲವು ಬಾರಿ ಫಲ ಕೊಟ್ಟಿದೆ. ನಗರದ ಇಂಥ ಸಂಸ್ಥೆಗಳಲ್ಲಿ ಬೇರೆ ರಾಜ್ಯದ ಮಕ್ಕಳೂ ಇರುತ್ತಾರಾದ್ದರಿಂದ ಭಾಷಾಂತರಕಾರರನ್ನು ಅದೇ ಸಂಸ್ಥೆಯ ಸಿಬ್ಬಂದಿಯಿಂದ ಆರಿಸಿಕೊಳ್ಳಲೇಬಾರದು. ಅವಸರದ ಕೆಲಸದಲ್ಲಿ ಇದು ಆಗಿಬಿಡುತ್ತದೆ, ಆಗ ಮಗುವಿನ ಮಾತು ಗುರುವಿನ ಕಿವಿ ತಲುಪಲು ಸಂಜೆಯಾಗಬೇಕಿಲ್ಲ.

ಹಾಗಾಗಿ ದಾಳಿಗೆ ಮುನ್ನವೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರುವ ಬೆಂಬಲ ವ್ಯಕ್ತಿಗಳ ಪಟ್ಟಿ, ಭಾಷಾಂತರಕಾರರು, ಒಡಹುಟ್ಟಿದವರನ್ನು ಒಂದೇ ಕಡೆ ಇರಿಸುವ ಏರ್ಪಾಡು, ನಿಮ್ಹಾನ್ಸ್‌ನಂಥ ಸಂಸ್ಥೆಯ ತಜ್ಞರ ನೆರವು, ಇಷ್ಟನ್ನು ಗೊತ್ತುಮಾಡಿಕೊಳ್ಳಬೇಕೆಂದು ನಾನು ಸಮಿತಿಯನ್ನು ಕೋರುತ್ತಲೇ ಬಂದಿದ್ದೇನೆ. ಮಗು ಮನೆಗೆ ಮರಳಿದರೂ ಕಡತ ಮುಚ್ಚಬಾರದು. ಆರೋಪಿ ಅದೇ ಆವರಣದಲ್ಲಿದ್ದಾನೆಯೇ, ಶಾಲೆಯ ಹಾಜರಾತಿ ಹೇಗಿದೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಮಗುವಿನ ಕೈಗೆ ಫೋನ್ ಸಿಗುತ್ತದೆಯೇ ಎಂಬುದನ್ನು ಮುಂದಿನ ಭೇಟಿಗಳಲ್ಲಿ ಸ್ಥಳಕ್ಕೇ ಹೋಗಿ ನೋಡಬೇಕು.