ಹರಿಗೋಲಿನಂಥ ಕನ್ನಡಿ, ಬಿಸಿಲಿನ ಒಲೆ

ಶ್ರೀರಂಗಪಟ್ಟಣದ ಸಂಗಮದಲ್ಲಿ ಹರಿಗೋಲು ನೋಡಿದ್ದೀರಲ್ವಾ? ಬಿದಿರಿನ ಹೆಣಿಗೆ, ದುಂಡನೆಯ ಅಂಚು, ನಡುವೆ ತಗ್ಗು. ಅಂಥದ್ದೇ ಒಂದು ಬುಟ್ಟಿಯೊಳಗೆ ಕನ್ನಡಿ ಚೂರು ಅಂಟಿಸಿದರೆ ಬಿಸಿಲಿನ ಒಲೆ ಸಿದ್ಧ ಎಂದುಕೊಂಡಿದ್ದೆ. ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಮಾಡಿಯೂ ನೋಡಿದೆ. ಬೆಳಕೇನೋ ಕೂಡಿತು, ಆದರೆ ಒಂದೇ ಕಡೆ ಕೂಡಲಿಲ್ಲ. ಒಂದು ಗಂಟೆ ಕಾದರೂ ನೀರು ಕುದಿಯಲಿಲ್ಲ.

ಕನ್ನಡಿಯ ಹೊಳಪು ಸಾಲದು ಅಂದುಕೊಂಡೆ. ತಪ್ಪು ಇದ್ದದ್ದು ಆಕಾರದಲ್ಲಿ.

ಬಾಗಿದ ಕನ್ನಡಿಗೆ ಬಿದ್ದ ಬಿಸಿಲು ಕೂಡುವ ಜಾಗಕ್ಕೆ ನಮ್ಮ ಶಾಲೆಯ ಪುಸ್ತಕಗಳು ಕೊಟ್ಟ ಹೆಸರೂ ಸಂಗಮವೇ. ಪಟ್ಟಣದ ಬಳಿ ಕವಲೊಡೆದ ಕಾವೇರಿ ಮತ್ತೆ ಒಂದಾಗುವ ಹಾಗೆ, ಕನ್ನಡಿಯ ಎಲ್ಲ ಮೂಲೆಯ ಬೆಳಕೂ ಅಲ್ಲಿ ಒಂದಾಗಬೇಕು. ಚೆಂಡನ್ನು ಕತ್ತರಿಸಿದಂಥ ಬಟ್ಟಲಿನಲ್ಲಿ ಹಾಗೆ ಆಗುವುದಿಲ್ಲ. ಒಂದು ಮೀಟರ್ ಅಗಲದ ಬಟ್ಟಲು ತೆಗೆದುಕೊಳ್ಳಿ. ನಡುಭಾಗದ ಬೆಳಕು 50 ಸೆಂ.ಮೀ. ಎತ್ತರದಲ್ಲಿ ಕೂಡಿದರೆ, ಅಂಚಿನ ಬೆಳಕು ಅದಕ್ಕಿಂತ ಸುಮಾರು 8 ಸೆಂ.ಮೀ. ಕೆಳಗೇ ಕೂಡಿ ಮತ್ತೆ ಚದುರಿಬಿಡುತ್ತದೆ. ಬಟ್ಟಲಿನ ಜಾಗದಲ್ಲಿ ಜಾಸ್ತಿ ಪಾಲು ಇರುವುದೇ ಅಂಚಿನ ಕಡೆ. ಆ ಬೆಳಕು ಪಾತ್ರೆಗೆ ತಾಗದೆ ಹೋದರೆ ಉಳಿಯುವುದೇನು?

ಬೇಕಾದದ್ದು ಪರವಲಯ ಎಂಬ ಬಾಗು. ಹೆಸರಿಗೆ ಹೆದರಬೇಡಿ, ಲೆಕ್ಕ ಸುಲಭ. ಸಂಗಮ 50 ಸೆಂ.ಮೀ. ಎತ್ತರದಲ್ಲಿ ಬೇಕು ಎಂದರೆ, ನಡುವಿನಿಂದ ಎಷ್ಟು ದೂರವೋ ಅದನ್ನು ಅದರಿಂದಲೇ ಗುಣಿಸಿ 200ರಿಂದ ಭಾಗಿಸಿ. 10 ಸೆಂ.ಮೀ. ದೂರದಲ್ಲಿ ಅರ್ಧ ಸೆಂ.ಮೀ. ಏರಬೇಕು. 20ಕ್ಕೆ 2, 30ಕ್ಕೆ 4.5, 40ಕ್ಕೆ 8, ಅಂಚಿನ 50ಕ್ಕೆ 12.5. ಇಷ್ಟೇ.

ಈ ಬಾಗನ್ನು ನೀರು ತಾನಾಗಿಯೇ ಮಾಡಿಕೊಳ್ಳುತ್ತದೆ ಎನ್ನುವುದು ನನಗೆ ಇಂದಿಗೂ ಬೆರಗು. ಕುಂಬಾರರ ತಿಗರಿಯ ನಡುವೆ ಒಂದು ಬೋಗುಣಿ ನೀರಿಟ್ಟು ನಿಧಾನವಾಗಿ ಒಂದೇ ಸಮನೆ ತಿರುಗಿಸಿ. ನಡುವೆ ತಗ್ಗಾಗಿ ಅಂಚಿಗೆ ಏರುವ ನೀರಿನ ಮೈ ಅಪ್ಪಟ ಪರವಲಯ. ಎರಡು ಸೆಕೆಂಡಿಗೆ ಒಂದು ಸುತ್ತು ಬಂದರೆ ಅದರ ಸಂಗಮ ಸುಮಾರು 50 ಸೆಂ.ಮೀ. ಎತ್ತರದಲ್ಲಿರುತ್ತದೆ, ಬೋಗುಣಿ ಚಿಕ್ಕದಿರಲಿ ದೊಡ್ಡದಿರಲಿ. ಉತ್ತರಾಖಂಡದ ದೇವಸ್ಥಲದಲ್ಲಿ ಹೀಗೆ ತಿರುಗುವ ಪಾದರಸವೇ 4 ಮೀಟರ್ ಅಗಲದ ದೂರದರ್ಶಕದ ಕನ್ನಡಿ.

ನಾವು ಪಾದರಸ ಮುಟ್ಟುವುದು ಬೇಡ, ಕೆಮ್ಮಣ್ಣು ಸಾಕು. ಮೇಲಿನ ಲೆಕ್ಕದಂತೆ ಪ್ಲೈವುಡ್ ಹಲಗೆಯಲ್ಲಿ ಅರ್ಧ ಬಾಗನ್ನು ಕೊರೆಸಿ. ಹಿತ್ತಲಲ್ಲಿ ಒಂದು ಕಬ್ಬಿಣದ ಸರಳು ನೆಟ್ಟು ಸುತ್ತ ಹಸಿ ಮಣ್ಣು ಗುಡ್ಡೆ ಹಾಕಿ. ಹಲಗೆಯನ್ನು ಸರಳಿಗೆ ಆನಿಸಿ ಸುತ್ತಲೂ ಕೆರೆಯುತ್ತಾ ಬಂದರೆ ಕವುಚಿಟ್ಟ ಬಟ್ಟಲಿನಂಥ ದಿಬ್ಬ ಆಗುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೈದಾ ಅಂಟಿನಲ್ಲಿ ನೆನೆಸಿದ ಹಳೇ ಪೇಪರ್ ಹತ್ತು ಹನ್ನೆರಡು ಪದರ ಮೆತ್ತಿ. ಪದರಗಳ ನಡುವೆ ಬಿದಿರ ದಬ್ಬೆ ಕೂರಿಸಿದರೆ ಬಾಗು ಕೆಡುವುದಿಲ್ಲ. ನನಗೆ ದಬ್ಬೆ ಬಂಬೂ ಬಜಾರಿನಲ್ಲೇ ಸಿಕ್ಕಿತು. ಅವಸರ ಮಾಡದೆ ಒಣಗಿಸಿ. ಅರೆ ಒಣಗಿದ್ದನ್ನು ಎತ್ತಿದರೆ ಪಟ್ಟ ಶ್ರಮವೆಲ್ಲ ಸೊಟ್ಟಗಾಗುತ್ತದೆ.

ಒಣಗಿದ ಬಟ್ಟಲಿನ ಒಳಮೈಗೆ ಅಂಟಿಸಲು ಗಾಜಿನ ಅಂಗಡಿಯಲ್ಲಿ ಕತ್ತರಿಸಿ ಉಳಿದ ಕನ್ನಡಿ ಚೂರು ಕೇಳಿ. ಐದು ಸೆಂ.ಮೀ. ಚೌಕದ ಮುನ್ನೂರು ಚೂರು ಬೇಕಾಗುತ್ತವೆ. ಚೂರು ಚಪ್ಪಟೆ ಇದ್ದರೂ ಚಿಂತೆಯಿಲ್ಲ, ಪಾತ್ರೆಯ ತಳ ಅದಕ್ಕಿಂತ ಅಗಲವಲ್ಲವೇ. ಗಿಫ್ಟ್ ಕಟ್ಟುವ ಬೆಳ್ಳಿ ಕಾಗದ ಅಗ್ಗ, ಆದರೆ ಬಹುಬೇಗ ಮಂಕಾಗುತ್ತದೆ.

ಈ ಕನ್ನಡಿಗೆ ನಡುಮಧ್ಯಾಹ್ನ 600 ವಾಟ್‌ಗೂ ಹೆಚ್ಚು ನೇರ ಬಿಸಿಲು ಬೀಳುತ್ತದೆ. ಗಾಜು ಕುಡಿದದ್ದು, ಗುರಿ ತಪ್ಪಿದ್ದು, ಗಾಳಿ ಒಯ್ದದ್ದು ಕಳೆದು ಅರ್ಧದಷ್ಟು ನೀರಿಗೆ ಸೇರಿದರೂ ಲೀಟರ್ ನೀರು 17 ನಿಮಿಷದ ಆಸುಪಾಸಿನಲ್ಲಿ ಕುದಿಯುತ್ತದೆ. ಮೋಡದ ದಿನ ಮಾತ್ರ ಕೈಕೊಡುತ್ತದೆ. ಚದುರಿದ ಬೆಳಕನ್ನು ಯಾವ ಬಾಗೂ ಒಂದು ಕಡೆ ಕೂಡಿಸಲಾರದು.

ಸಂಗಮದಲ್ಲಿ ಸ್ಟ್ಯಾಂಡಿನ ಮೇಲೆ ಕೂರಿಸುವ ಪಾತ್ರೆಯ ತಳ ಕಪ್ಪಗಿರಬೇಕು. ಮಂಡ್ಯದ ಕಡೆ ಹಳ್ಳಿಮನೆಗಳಲ್ಲಿ ಸೌದೆ ಒಲೆಯ ಮಸಿ ಹಿಡಿದ ಪಾತ್ರೆ ಇನ್ನೂ ಇರುತ್ತದೆ. ತಳ ಉಜ್ಜದೆ ಹಾಗೇ ಇಡಿ, ಇದಕ್ಕಿಂತ ಒಳ್ಳೆಯದು ಬೇರೆ ಸಿಗದು. ರಾತ್ರಿ ನೆನೆಸಿದ ಹುರುಳಿಕಾಳು ಇದರಲ್ಲಿ ಚೆನ್ನಾಗಿ ಬೇಯುತ್ತದೆ, ಬಸ್ಸಾರಿಗೆ ಅಷ್ಟು ಸಾಕು. ಮುದ್ದೆಗೆ ಎಸರು ಕಾಯಿಸಿಕೊಳ್ಳಬಹುದು. ಆದರೆ ಕೋಲು ಹಾಕಿ ತಿರುವುವುದು ಇಲ್ಲಿ ಬೇಡ. ಸ್ಟ್ಯಾಂಡ್ ಅಲುಗಿದರೆ ಗುರಿ ತಪ್ಪುತ್ತದೆ. ಬಿಸಿ ಎಸರು ಮೈಮೇಲೂ ಬೀಳಬಹುದು.

ಸಂಗಮದ ಬೆಳಕನ್ನು ಸುಮ್ನೆ ಕುತೂಹಲಕ್ಕೂ ಬರಿಗಣ್ಣಿನಲ್ಲಿ ನೋಡಬೇಡಿ, ಕೈ ಒಡ್ಡಬೇಡಿ. ಕೆಲಸ ಮುಗಿದ ಕೂಡಲೇ ಕನ್ನಡಿಯನ್ನು ಕವುಚಿ ಹಾಕಿ. ತಾರಸಿಯಲ್ಲಿ ಮರೆತು ಬಂದರೆ ಒಣಗಲು ಹಾಕಿದ ಬಟ್ಟೆಗೂ ಬೆಂಕಿ ತಗಲಬಹುದು.

ಸೂರ್ಯ ನಿಲ್ಲುವುದಿಲ್ಲ. 15 ನಿಮಿಷದಲ್ಲಿ ಬೆಳಕಿನ ಚುಕ್ಕೆ 3 ಸೆಂ.ಮೀ.ಗೂ ಜಾಸ್ತಿ ಜರುಗುತ್ತದೆ, ಅಷ್ಟರಲ್ಲಿ ಒಮ್ಮೆ ಕನ್ನಡಿ ತಿರುಗಿಸಬೇಕು. ಸ್ಟ್ಯಾಂಡ್ ಮಾಡಿಸುವಾಗ ವರ್ಷದ ಲೆಕ್ಕವೂ ಇರಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಮೈಸೂರಿನ ನಡುನೆತ್ತಿಗೆ ಸೂರ್ಯ ಬರುತ್ತಾನೆ, ಆಗ ಕನ್ನಡಿ ಊಟದ ತಟ್ಟೆಯಂತೆ ಸಮತಟ್ಟಾಗಿ ಮಲಗಬೇಕು. ಡಿಸೆಂಬರ್ ಕೊನೆಯ ಮಧ್ಯಾಹ್ನಗಳಲ್ಲಿ ಅದೇ ಕನ್ನಡಿ ದಕ್ಷಿಣಕ್ಕೆ ಸುಮಾರು 36 ಡಿಗ್ರಿ ವಾಲಬೇಕು.