ಎಷ್ಟು ಕೆ.ಜಿ. ಅನ್ನೋದು ಬಿಡಿ, ಅಲುಗಾಡುತ್ತದೆಯಾ ನೋಡಿ

ಮಳೆ ನಿಂತು ಅಕ್ಟೋಬರ್ ಬಂತೆಂದರೆ ಶಿವಮೊಗ್ಗದ ನನ್ನ ಸೈಕಲ್ ಶಾಪಿಗೆ ಕರಾವಳಿ ಕಡೆ ಹೊರಟವರು ಬರತೊಡಗುತ್ತಾರೆ. ತೀರ್ಥಹಳ್ಳಿ, ಆಗುಂಬೆ, ಸೋಮೇಶ್ವರ, ಉಡುಪಿ. ಹೆಚ್ಚಿನವರದು ಅದೇ ದಾರಿ, ಅದೇ ಪ್ರಶ್ನೆ: "ಅಣ್ಣಾ, ಈ ಕ್ಯಾರಿಯರ್ ಎಷ್ಟು ಕೆ.ಜಿ. ತಡೆಯುತ್ತೆ?"

ಸಾಮಾನ್ಯವಾಗಿ 25 ಕೆ.ಜಿ. ಅಂತ ಅದರ ಮೇಲೇ ಬರೆದಿರುತ್ತದೆ. ಓದಿಕೊಂಡೇ ಬಂದಿರುತ್ತಾರೆ. (ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಬಂದವರಿಗೆ ನಾನೇನೂ ಹೇಳುವುದಿಲ್ಲ. ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಅವರ ಬೆನ್ನೇ ಹೇಳಿರುತ್ತದೆ.)

ತೂಕಕ್ಕಿಂತ ಕಟ್ಟುವ ರೀತಿ ಮುಖ್ಯ. ನಮ್ಮೂರ ಹಾಲಿನವರನ್ನು ನೋಡಿ. ಹಿಂದಿನ ಚಕ್ರದ ಎರಡೂ ಕಡೆ ತುಂಬಿದ ಕ್ಯಾನ್, 40 ಕೆ.ಜಿ.ಗೆ ಮೋಸವಿಲ್ಲ. ಆದರೂ ಗುಂಡಿ ರಸ್ತೆಯಲ್ಲಿ ಒಂದು ಕೈ ಬಿಟ್ಟು ನಮಸ್ಕಾರ ಹೇಳಿಕೊಂಡು ಹೋಗುತ್ತಾರೆ. ಕ್ಯಾನ್ ಕೆಳಗೆ ಜೋತಿರುತ್ತದೆ, ಎರಡು ಕಡೆ ಸಮ, ಹಳೇ ಟ್ಯೂಬಿನಿಂದ ಬಿಗಿದು ಕಟ್ಟಿರುತ್ತಾರೆ. ಟ್ಯೂಬೂ ರಬ್ಬರೇ ತಾನೆ ಅನ್ನಬಹುದು. ಅವರು ಅದನ್ನು ಇನ್ನು ಎಳೆಯಲಾಗದಷ್ಟು ಎಳೆದು ಮೂರು ಸುತ್ತು ಸುತ್ತುತ್ತಾರೆ. ನೀವು ತರುವ ಕೊಕ್ಕೆಯ ಎಲಾಸ್ಟಿಕ್ ಹಗ್ಗ ಹಿಗ್ಗುತ್ತಲೇ ಇರುತ್ತದೆ. ಕೊಕ್ಕೆ ಕಳಚಿ ಸ್ಪೋಕ್‌ಗೆ ಸಿಕ್ಕಿದರೆ ಚಕ್ರ ನಿಂತೇ ಹೋಗುತ್ತದೆ.

ಸಡಿಲವಾದ ಚೀಲ ಸೈಕಲ್ ಜೊತೆ ತಿರುಗುವುದಿಲ್ಲ, ಒಂದು ಕ್ಷಣ ತಡವಾಗಿ ತಿರುಗುತ್ತದೆ. ನೀವು ಎಡಕ್ಕೆ ವಾಲಿ ನೆಟ್ಟಗಾಗುವ ಹೊತ್ತಿಗೆ ಅದು ಎಡಕ್ಕೆ ತಳ್ಳುತ್ತಿರುತ್ತದೆ. ಉಯ್ಯಾಲೆ ನೆನಪಿಸಿಕೊಳ್ಳಿ: ಸರಿಯಾದ ಹೊತ್ತಿಗೆ ಬೆರಳಿಂದ ತಳ್ಳಿದರೂ ಜೋಕಾಲಿ ಏರುತ್ತಲೇ ಹೋಗುತ್ತದೆ. ಇಳಿಜಾರಿನಲ್ಲಿ ಯಾವುದೋ ಒಂದು ವೇಗಕ್ಕೆ ಚೀಲದ ತೂಗಾಟವೂ ಫ್ರೇಮಿನ ತೂಗಾಟವೂ ತಾಳ ಕೂಡಿದರೆ ಇಡೀ ಸೈಕಲ್ ನಡುಗುತ್ತದೆ. ಆಗ ಹ್ಯಾಂಡಲ್ ಬಿಗಿಹಿಡಿದಷ್ಟೂ ನಡುಕ ಜಾಸ್ತಿ. ಎರಡೂ ಮೊಣಕಾಲಿಂದ ಮೇಲಿನ ಪೈಪನ್ನು ಒತ್ತಿಹಿಡಿದು, ಮೆಲ್ಲಗೆ ಬ್ರೇಕ್ ಹಾಕಿ.

ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಎರಡು ಪ್ಯಾನಿಯರ್ ಬ್ಯಾಗು (ಕ್ಯಾರಿಯರಿನ ಪಕ್ಕಕ್ಕೆ ನೇತುಹಾಕುವಂಥದ್ದು), ಮೇಲೆ ಅಡ್ಡಡ್ಡ ಟೆಂಟು. ಬಿಚ್ಚಿ ಕಟ್ಟಿಕೊಡ್ತೀನಪ್ಪಾ ಅಂದೆ. "ಬೇಡ ಅಣ್ಣಾ, ಒಟ್ಟು 14 ಕೆ.ಜಿ. ಅಷ್ಟೇ." ಸಂಜೆ ಸೋಮೇಶ್ವರದಿಂದ ಫೋನು. ಆಗುಂಬೆ ಘಾಟಿಯಲ್ಲಿ ಸೈಕಲ್ ತಾನಾಗಿ ನಡುಗಿತಂತೆ, ಫ್ರೇಮ್ ಬಿರುಕು ಬಿಟ್ಟಿರಬೇಕು ಅಂತ ಅವನ ಅನುಮಾನ. ಟೆಂಟ್ ಎಲ್ಲಿದೆ ಅಂತ ಕೇಳಿದೆ. ಒಂದು ಕಡೆಗೆ ಜಾರಿ ನೇತಾಡುತ್ತಿತ್ತು. ಪಂಚೆ ಇದೆಯಾ? ಇತ್ತು. ಅದರಲ್ಲೇ ಬಿಗಿಸಿದೆ, ಫೋನಿನಲ್ಲೇ, ಗಂಟು ಗಂಟಾಗಿ ಹೇಳಿಕೊಟ್ಟು. ಉಡುಪಿ ಮುಟ್ಟಿದ. ಫ್ರೇಮಿಗೆ ಏನೂ ಆಗಿರಲಿಲ್ಲ.

ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಲಗೇಜು ಪೂರ್ತಿ ಏರಿಸಿ, ಸೀಟು ಹಿಡಿದು ಸೈಕಲನ್ನು ಜೋರಾಗಿ ಅಲ್ಲಾಡಿಸಿ. ಸೈಕಲ್ ನಿಂತ ಮೇಲೂ ಚೀಲ ಅಲ್ಲಾಡುತ್ತಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ಬ್ಯಾಗಿನ ಕೆಳಗಿನ ಕೊಕ್ಕೆಯನ್ನು ಬಹಳ ಜನ ಕ್ಯಾರಿಯರಿಗೆ ಸಿಕ್ಕಿಸುವುದೇ ಇಲ್ಲ. ಬೀಗ, ಟೂಲ್ಸ್, ಸ್ಟವ್ ಇಂಥ ಭಾರದ್ದೆಲ್ಲ ತಳಕ್ಕೆ, ಚಕ್ರದ ಕಡೆಗೆ ಇರಲಿ.

ನಿಮ್ಮ ಸೈಕಲ್ ಕಣ್ಣಾರೆ ನೋಡದೆ ಇದಕ್ಕಿಂತ ಹೆಚ್ಚು ಹೇಳಲಾರೆ. ಸೀಟ್ ಪೋಸ್ಟಿಗೆ, ಅಂದರೆ ಸೀಟಿನ ಕೆಳಗಿನ ಕಂಬಕ್ಕೆ, ಕಚ್ಚುವ ಕ್ಯಾರಿಯರ್ ಇದ್ದರೆ ಮಾತ್ರ ನನ್ನ ಲೆಕ್ಕ ಬೇರೆ. ಅದು ಸಾಮಾನ್ಯವಾಗಿ 9–10 ಕೆ.ಜಿ.ಗೇ ಮುಗಿಯಿತು, ಬಿಗಿ ಕಮ್ಮಿಯಾದರೆ ಪಕ್ಕಕ್ಕೂ ತಿರುಗುತ್ತದೆ. ಕಾರ್ಬನ್ ಫೈಬರ್ ಪೋಸ್ಟಿಗೆ ಹಾಕಿಕೊಡಿ ಅಂತ ಬಂದವರನ್ನು ವಾಪಸ್ ಕಳಿಸುತ್ತೇನೆ.

ಇನ್ನು ಕ್ಯಾರಿಯರ್ ಹಿಡಿದಿರುವುದು ಸಾಮಾನ್ಯವಾಗಿ 5 ಎಂ.ಎಂ. ದಪ್ಪದ ಸಣ್ಣ ಬೋಲ್ಟುಗಳು. ಬೆಳಿಗ್ಗೆ ಹೋಟೆಲಲ್ಲಿ ಕಾಫಿ ಬರುವಷ್ಟರಲ್ಲಿ ಒಮ್ಮೆ ಅಲೆನ್ ಕೀ (ಆರು ಮೂಲೆಯ ಬೋಲ್ಟ್ ಕೀಲಿ) ಹಾಕಿ ಬಿಗಿ ಇದೆಯಾ ನೋಡಿಬಿಡಿ. ಹೊರಡುವವರಿಗೆಲ್ಲ ಎರಡು ಬೋಲ್ಟ್ ಹೆಚ್ಚಿಗೆ ಕೊಡುತ್ತೇನೆ, ದುಡ್ಡು ತಗೊಳ್ಳುವುದಿಲ್ಲ. ಮೊದಲು ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದೆ, ಎಲ್ಲಿಟ್ಟೆವೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ಈಗ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಖಾಲಿ ತೂತಿಗೆ ನಾನೇ ತಿರುಗಿಸಿ ಕಳಿಸುತ್ತೇನೆ.