ಆ ಬುಟ್ಟಿಯನ್ನು ಅಟ್ಟದಿಂದ ಇಳಿಸಿಬಿಡಿ

ಗಂಗಾವತಿಯಲ್ಲಿ ನನ್ನ ಬಳಿಗೆ ಬೆಕ್ಕುಗಳು ಬರುವುದು ಹೆಚ್ಚಾಗಿ ಅಕ್ಕಿ ಚೀಲದಲ್ಲಿ. ಇದು ಭತ್ತದ ಊರು. ಗಿರಣಿ, ಗೋದಾಮು, ಕಿರಾಣಿ ಅಂಗಡಿ ಎಲ್ಲೆಡೆ ಇಲಿ ಕಾಟ, ಹಾಗಾಗಿ ಎಲ್ಲೆಡೆ ಬೆಕ್ಕು. 25 ಕೆಜಿಯ ಖಾಲಿ ಚೀಲ ಕೈಗೆಟುಕುವಲ್ಲೇ ಬಿದ್ದಿರುತ್ತದೆ. ಬೆಕ್ಕನ್ನು ಅದರೊಳಗೆ ತುರುಕಿ, ಬಾಯಿ ಕಟ್ಟಿ, ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ಬರುತ್ತಾರೆ. ನನ್ನ ಮೇಜಿನ ಮೇಲೆ ಗಂಟು ಬಿಚ್ಚಿದರೆ ಕಿವಿ ಮಡಚಿ, ಕಣ್ಣು ಕಪ್ಪಾಗಿಸಿಕೊಂಡು, ಮೈಯೆಲ್ಲ ಉಗುರಾದ ಪ್ರಾಣಿ. "ಮನ್ಯಾಗ ಭಾಳ ಸಾದು ಐತ್ರಿ ಡಾಕ್ಟ್ರ, ದವಾಖಾನಿಗೆ ಬಂದ್ರ ಹಿಂಗ್ಯಾಕ ಮಾಡ್ತೈತಿ?"

ದವಾಖಾನೆಗೆ ಬಂದ ಮೇಲೆ ಹೀಗಾದದ್ದಲ್ಲ. ಮನೆಯಲ್ಲೇ ಶುರುವಾಗಿದೆ.

ಚೀಲ ಬಿಟ್ಟು ಪ್ಲಾಸ್ಟಿಕ್ ಕ್ಯಾರಿಯರ್, ಅಂದರೆ ಬೆಕ್ಕನ್ನು ಒಯ್ಯುವ ಬಾಗಿಲಿನ ಬುಟ್ಟಿ, ಕೊಂಡವರೂ ಈಗ ಬಹಳ ಮಂದಿ ಇದ್ದಾರೆ. ಸಂತೋಷ. ಆದರೆ ಆ ಬುಟ್ಟಿ ಇರುವುದು ಅಟ್ಟದ ಮೇಲೆ. ಲಸಿಕೆಯ ದಿನ ಇಳಿಯುತ್ತದೆ, ಸಂಜೆ ಮತ್ತೆ ಏರುತ್ತದೆ. ಬೆಕ್ಕಿನ ಲೆಕ್ಕ ಇದರಲ್ಲಿ ಬಹಳ ಸರಳ: ಈ ಬುಟ್ಟಿ ಕಂಡ ದಿನವೆಲ್ಲ ನನ್ನನ್ನು ಹಿಡಿದು ಒತ್ತಿದ್ದಾರೆ, ಅಲುಗಾಡಿಸಿದ್ದಾರೆ, ನಾಯಿಗಳ ವಾಸನೆ ಬರುವ ಜಾಗಕ್ಕೆ ಒಯ್ದು ಸೂಜಿ ಚುಚ್ಚಿಸಿದ್ದಾರೆ. ಹಾಗಿದ್ದ ಮೇಲೆ ಬುಟ್ಟಿ ಇಳಿಸುವ ಸದ್ದಿಗೇ ಅದು ಮಂಚದ ಕೆಳಗೆ ಸೇರಿದರೆ ತಪ್ಪೇನು?

ಇದನ್ನು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ಸಲ ಬಂದಾಗ, "ನೀವು ಹೇಳಿದಂಗ ಮಾಡೇವ್ರಿ, ಹಿಂದಿನ ರಾತ್ರಿನ ಇಳಿಸಿ ಇಟ್ಟಿದ್ವಿ" ಅನ್ನುತ್ತಾರೆ. ನಾನು ಹೇಳಿದ್ದು ಹಿಂದಿನ ರಾತ್ರಿ ಅಲ್ಲ. ಹಿಂದಿನ ವಾರವೂ ಅಲ್ಲ. ಬುಟ್ಟಿ ಅಟ್ಟಕ್ಕೆ ಹೋಗಲೇಬಾರದು. ಮನೆಯಲ್ಲಿ ಕುರ್ಚಿ ಇದ್ದ ಹಾಗೆ, ನೀರಿನ ಕೊಡ ಇದ್ದ ಹಾಗೆ ವರ್ಷವಿಡೀ ಒಂದು ಮೂಲೆಯಲ್ಲಿ ಬಾಯಿ ತೆರೆದುಕೊಂಡೇ ಇರಬೇಕು. ದಿನಾ ಕಾಣುವ ವಸ್ತು ಏನನ್ನೂ ಮುನ್ಸೂಚಿಸುವುದಿಲ್ಲ. ಅದಕ್ಕೇ ಅದರ ಭಯ ಹೋಗುತ್ತದೆ.

ಮೊದಲು ಮೇಲಿನ ಅರ್ಧ ಬಿಚ್ಚಿ ಕೆಳಗಿನ ತಟ್ಟೆಯನ್ನಷ್ಟೇ ಇಡಿ. ಬೆಕ್ಕು ಮಲಗುವ ಹಳೆಯ ಸೀರೆಯ ತುಂಡನ್ನು ಒಗೆಯದೆ ಹಾಗೇ ಅದರಲ್ಲಿ ಹಾಸಿ. ಬೇಯಿಸಿ ಮುಳ್ಳು ತೆಗೆದ ಮೀನಿನ ಚೂರೊಂದನ್ನು ದಿನಾ ಅಲ್ಲೇ ಹಾಕಿ. ತಾನಾಗಿ ಮಲಗತೊಡಗಿದ ಮೇಲೆ ಮುಚ್ಚಳ, ಆಮೇಲೆ ಬಾಗಿಲು, ಆಮೇಲೆ ಎತ್ತಿಕೊಂಡು ಅಂಗಳದಲ್ಲಿ ಒಂದು ಸುತ್ತು. ಕೆಲವಕ್ಕೆ ಎರಡು ವಾರ ಸಾಕು, ಕೆಲವಕ್ಕೆ ಎರಡು ತಿಂಗಳೂ ಹಿಡಿಯುತ್ತದೆ. ಹಳೆಯ ಕಹಿ ಅನುಭವ ಇದ್ದ ಬೆಕ್ಕು ಪೂರ್ತಿ ಒಪ್ಪುತ್ತದೆಂದು ನಾನು ಮಾತು ಕೊಡಲಾರೆ.

ಇಷ್ಟು ಹಟ ಯಾಕೆಂದರೆ, ಹೆದರಿದ ಬೆಕ್ಕಿನಲ್ಲಿ ರೋಗ ಯಾವುದು, ಭಯ ಯಾವುದು ಎಂದು ಬಿಡಿಸುವುದು ನನಗೂ ಕಷ್ಟ. ಎದೆಬಡಿತ, ಮೈಬಿಸಿ ಎರಡೂ ಏರುತ್ತವೆ. ರಕ್ತದ ಸಕ್ಕರೆಯೂ ಏರುತ್ತದೆ. ಮಧುಮೇಹವೇ ಇಲ್ಲದ ಬೆಕ್ಕಿನಲ್ಲಿ ಅದು 200 ದಾಟಿದ್ದನ್ನು ನೋಡಿದ್ದೇನೆ. ಕುತ್ತಿಗೆಯ ಚರ್ಮ ಹಿಡಿದು ಎತ್ತಿದರೆ ಸುಮ್ಮನಾಗುತ್ತದೆ ಅನ್ನುತ್ತಾರೆ. ಮರಿಗೆ ಅದು ತಾಯಿಯ ಹಿಡಿತ, ದೊಡ್ಡ ಬೆಕ್ಕು ಮಾತ್ರ ಭಯಕ್ಕೆ ಮರಗಟ್ಟಿರುತ್ತದೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಹಾಗೇ ಹಿಡಿಯುತ್ತಿದ್ದೆ, ಈಗ ಹಿಡಿಯುವುದಿಲ್ಲ.

ತೀರಾ ಅಂಜುವ ಬೆಕ್ಕಿಗೆ ಹೊರಡುವ ಎರಡು ಗಂಟೆ ಮೊದಲು ಕೊಡುವ ಗ್ಯಾಬಪೆಂಟಿನ್ ಎಂಬ ಔಷಧಿ ಇದೆ. ತೂಕ, ಕಿಡ್ನಿ ನೋಡಿ ವೈದ್ಯರು ಬರೆದುಕೊಟ್ಟರೆ ಮಾತ್ರ. ಮನೆಯಲ್ಲಿರುವ ನಿದ್ದೆ ಗುಳಿಗೆ ಬೇಡ. ಪ್ಯಾರಸಿಟಮಾಲ್ ಅಂತೂ ಮುಟ್ಟಲೇಬೇಡಿ. ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಹುದು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಬೆಳಗಿನ ಹೊತ್ತೇ ಬನ್ನಿ, ಬುಟ್ಟಿಯ ಮೇಲೆ ತೆಳು ಟವೆಲ್ ಹೊದಿಸಿ, ಕಾಯುವಾಗ ನಾಯಿಗಳ ಮೂತಿಯ ಮಟ್ಟದಲ್ಲಿ ನೆಲಕ್ಕಿಡದೆ ಬೆಂಚಿನ ಮೇಲಿಡಿ.

ಆದರೆ ಗಂಡು ಬೆಕ್ಕು ಉಚ್ಚೆಗೆ ತಿಣುಕುತ್ತಿದ್ದರೆ, ಅಥವಾ ಯಾವುದೇ ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೇಲೆ ಹೇಳಿದ್ದೆಲ್ಲ ಮರೆತುಬಿಡಿ. ಚೀಲವಾದರೂ ಸರಿ, ಆ ಕ್ಷಣವೇ ಬನ್ನಿ.

ಗಿರಣಿಯ ಹತ್ತಿರದ ಒಬ್ಬ ಅಜ್ಜಿ ಎರಡು ವರ್ಷದ ಹಿಂದೆ ಕರಿ ಬೆಕ್ಕೊಂದನ್ನು ಚೀಲದಲ್ಲಿ ತಂದಿದ್ದರು. ಅವರ ಮೊಣಕೈವರೆಗೆ ಗೀರು, ರಕ್ತ. ಅಂದು ನಾನು ಬೆಕ್ಕನ್ನು ಪರೀಕ್ಷಿಸಲೇ ಇಲ್ಲ. ಕ್ಯಾರಿಯರ್‌ಗೆ ದುಡ್ಡಿಲ್ಲ ಅಂದರು. ತರಕಾರಿ ತರುವ ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಕಟ್ಟುವುದನ್ನು ತೋರಿಸಿ ಕಳಿಸಿದೆ. ಒಂದೂವರೆ ತಿಂಗಳ ಮೇಲೆ ಬಂದರು. ದಾರ ಬಿಚ್ಚಿ ಮೇಲಿನ ಬುಟ್ಟಿ ತೆಗೆದರೆ, ಹಸಿರು ಸೀರೆಯ ತುಂಡಿನ ಮೇಲೆ ಬೆಕ್ಕು ಮುದುಡಿ ಕೂತಿತ್ತು. ಅಲ್ಲೇ ಎದೆಗೆ ಸ್ಟೆತೋಸ್ಕೋಪ್ ಇಟ್ಟೆ. ನಿಮಿಷಕ್ಕೆ 180. ರೇಬಿಸ್ ಲಸಿಕೆಯ ಸೂಜಿ ಹೋದಾಗ ಬಾಲದ ತುದಿ ಒಮ್ಮೆ ಅಲುಗಿತು, ಅಷ್ಟೇ.

"ಈಗ ಅದರಾಗ ಮಕ್ಕೊಂತೈತ್ರಿ," ಅಂದರು ಅಜ್ಜಿ, "ಕಾಯಿಪಲ್ಲೆ ತರಾಕ ನನಗ ಬುಟ್ಟಿ ಇಲ್ಲದಂಗ ಆಗೈತಿ."